ಪಹಣಿಯ ಹನ್ನೆರಡನೇ ಕಾಲಂ

ಕೃಷಿಗೆ ಸಾಲವೇ ಸಿಗುವುದಿಲ್ಲ ಎಂದು ಇವತ್ತು ಯಾರಾದರೂ ಹೇಳಿದರೆ ಅದು ಅರ್ಧ ಸತ್ಯ. ಸಹಕಾರ ಸಂಘಗಳು ಬಡ್ಡಿಯಿಲ್ಲದೆ ಕೊಡುವ ಬೆಳೆಸಾಲದ ಮಿತಿ 2023ರ ರಾಜ್ಯ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಶೇ 3ರ ಬಡ್ಡಿಯ ಮಧ್ಯಮಾವಧಿ, ದೀರ್ಘಾವಧಿ ಸಾಲ 15 ಲಕ್ಷದವರೆಗೆ ಉಂಟು. ಅಡಮಾನ ಕೇಳದೆ 2 ಲಕ್ಷದವರೆಗೆ ಕೃಷಿ ಸಾಲ ಕೊಡಿ ಎಂದು ರಿಸರ್ವ್ ಬ್ಯಾಂಕು 2025ರ ಜನವರಿಯಿಂದ ಬ್ಯಾಂಕುಗಳಿಗೆ ಸೂಚಿಸಿದೆ. ಬಳ್ಳಾರಿಗಂತೂ ಹಳ್ಳಿಯ ಬ್ಯಾಂಕಿಂಗ್ ಹೊಸದೇನೂ ಅಲ್ಲ. ತುಂಗಭದ್ರಾ ಗ್ರಾಮೀಣ ಬ್ಯಾಂಕು 1976ರಲ್ಲಿ ಹುಟ್ಟಿದ್ದು ಇಲ್ಲಿ. ವಿಲೀನಗಳಾಗುತ್ತ, ಹೆಸರು ಬದಲಾಗುತ್ತ ಬಂದು, 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಆಗಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿಯೂ ಇದೇ ಊರಿನಲ್ಲಿದೆ.

ಇಷ್ಟೆಲ್ಲ ಇದ್ದೂ ಸಿರುಗುಪ್ಪದ ಕಡೆಯ, ಕುರುಗೋಡಿನ ಕಡೆಯ ಇಪ್ಪತ್ನಾಲ್ಕು ವರ್ಷದ ಹುಡುಗನೊಬ್ಬ ತಾನೇ ನಿಂತು ಹೊಲ ಮಾಡುತ್ತೇನೆಂದು ಬ್ಯಾಂಕಿಗೆ ಹೋದರೆ ಮಾತು ಒಂದೇ ಪ್ರಶ್ನೆಗೆ ನಿಂತುಬಿಡುತ್ತದೆ: ನಿನ್ನ ಹೆಸರಿನಲ್ಲಿ ಪಹಣಿ ಇದೆಯೇ? ಇಲ್ಲದಿದ್ದರೆ ಸಾಲವಿಲ್ಲ, ಸಹಾಯಧನವಿಲ್ಲ, ಬೆಳೆ ಹಾಳಾದರೆ ಪರಿಹಾರವೂ ಇಲ್ಲ. ನಮ್ಮಲ್ಲಿ ಕೃಷಿಯ ದುಡ್ಡು ಜಮೀನಿನ ಒಡೆತನದ ಹಿಂದೆ ಹೋಗುತ್ತದೆ, ಬೆವರು ಸುರಿಸುವವರ ಹಿಂದೆ ಹೋಗುವುದಿಲ್ಲ. ಹೊಸದಾಗಿ ಒಕ್ಕಲುತನಕ್ಕೆ ಇಳಿಯುವ ಯುವಜನರಿಗೆ ನೆರವು ಮುಟ್ಟಬೇಕಾದರೆ ಹೊಸ ಯೋಜನೆಗೆ ಹೊಸ ಹೆಸರು ಹುಡುಕುವುದಕ್ಕಿಂತ ಮೊದಲು ಈ ದಾರಿಯನ್ನು ತಿರುಗಿಸಬೇಕು.

ಪಹಣಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರು. ಹನ್ನೊಂದರಲ್ಲಿ ಇತರೆ ಹಕ್ಕು ಮತ್ತು ಋಣ. ಯಾವ ಬ್ಯಾಂಕಿಗೆ ಎಷ್ಟು ಬಾಕಿ ಎಂಬುದು ಅಲ್ಲಿ ಕೂತಿರುತ್ತದೆ. ಹನ್ನೆರಡನೆಯದು ಸಾಗುವಳಿಯ ಕಾಲಂ. ಯಾವ ವರ್ಷ, ಯಾವ ಹಂಗಾಮು, ಯಾವ ಬೆಳೆ, ಜೊತೆಗೆ ಸಾಗುವಳಿದಾರ ಯಾರು, ಸಾಗುವಳಿ ಯಾವ ಬಗೆಯದು ಎಂದು ಬರೆಯಲು ಅಲ್ಲಿ ಜಾಗವಿದೆ. ಹೊಲ ಯಾರದು, ಉಳುವವರು ಯಾರು ಎಂಬ ಎರಡೂ ಪ್ರಶ್ನೆಗಳನ್ನು ಈ ಒಂದು ಹಾಳೆ ಕೇಳುತ್ತದೆ. ಎರಡನೆಯ ಪ್ರಶ್ನೆಗೆ ಬಹುಪಾಲು ಎಲ್ಲ ಕಡೆ ಬರುವ ಉತ್ತರ ‘ಸ್ವಂತ’ ಎಂದು. ಮಾಲೀಕರು ಬೆಂಗಳೂರಿನಲ್ಲಿದ್ದರೂ ಸ್ವಂತ, ತೀರಿಕೊಂಡು ಹತ್ತು ವರ್ಷವಾಗಿದ್ದರೂ ಸ್ವಂತ.

ತೀರಿಕೊಂಡವರ ಮಾತು ಸುಮ್ಮನೆ ಎತ್ತಲಿಲ್ಲ. ಅಜ್ಜನ, ಮುತ್ತಜ್ಜನ ಹೆಸರಿನಲ್ಲೇ ಉಳಿದಿರುವ ಪಹಣಿಗಳು ರಾಜ್ಯದಲ್ಲಿ ಲಕ್ಷಗಟ್ಟಲೆ ಇವೆ. ಅದಕ್ಕೆಂದೇ ಕಂದಾಯ ಇಲಾಖೆ ಪೌತಿ ಖಾತೆ ಆಂದೋಲನ ಮಾಡಬೇಕಾಯಿತು. ಮೂವರು ಅಣ್ಣತಮ್ಮಂದಿರಲ್ಲಿ ಒಬ್ಬ ತಕರಾರು ತೆಗೆದರೂ ವಾರಸಾ ತಡವಾಗುತ್ತದೆ. ಅಪ್ಪ ಬದುಕಿದ್ದರೆ ಮಗನ ಪಾಡು ಇನ್ನೊಂದು ಬಗೆಯದು. ಕಾಲುವೆಯ ನೀರು ತಿರುಗಿಸಲು ರಾತ್ರಿ ಹೋಗುವವನು ಅವನು, ಟ್ರ್ಯಾಕ್ಟರ್ ಬಾಡಿಗೆಯ ಲೆಕ್ಕ ಇಡುವವನು ಅವನು, ಔಷಧಿ ಹೊಡೆಯುವವನೂ ಅವನೇ. ಕಾಗದದಲ್ಲಿ ಅವನು ಯಾರೂ ಅಲ್ಲ. ಸೊಸೈಟಿಯ ಸಾಲ ಅಪ್ಪನದು, ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಅಪ್ಪನ ಖಾತೆಗೆ. ಕೃಷಿ ಇಲಾಖೆಯ ಯಾವ ಸೌಲಭ್ಯಕ್ಕೂ ಬೇಕಾದ ಫ್ರೂಟ್ಸ್ ಗುರುತಿನ ಸಂಖ್ಯೆ ಕೂಡ ಪಹಣಿಗೆ ಅಂಟಿಕೊಂಡದ್ದು. ಅಪ್ಪನ ಕಾಲ ಮುಗಿದು ಪಾಲಾಗಿ ಜಮೀನು ಅವನ ಹೆಸರಿಗೆ ಬರುವ ಹೊತ್ತಿಗೆ ಅವನಿಗೆ ವಯಸ್ಸು ನಲವತ್ತೈದು. ಆಗ ಅವನನ್ನು ಯುವ ರೈತ ಎಂದು ಕರೆಯಲು ಬರುವುದಿಲ್ಲ.

ಜಮೀನೇ ಇಲ್ಲದ ಮನೆಯ ಹುಡುಗರ ಸಂಗತಿ ಇದಕ್ಕಿಂತ ಬಿಗಿ. ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಕಾಲುವೆಯ ನೀರು ಮುಟ್ಟುವ ಊರುಗಳಲ್ಲಿ ಲೀಜಿಗೆ, ಕೋರಿಗೆ ಹೊಲ ಮಾಡದ ಓಣಿ ಸಿಗುವುದು ಕಷ್ಟ. ಕಾನೂನಿನ ಕಣ್ಣಿಗೆ ಮಾತ್ರ ಇವರು ಯಾರೂ ಇಲ್ಲವೇ ಇಲ್ಲ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದಲ್ಲಿ ಬಂದು 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿ ಗೇಣಿಯನ್ನು ರದ್ದು ಮಾಡಿತು. ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಕೃಷಿ ಜಮೀನನ್ನು ಗುತ್ತಿಗೆಗೆ ಕೊಡುವುದನ್ನು ಅದರ ಐದನೇ ಕಲಂ ನಿಷೇಧಿಸುತ್ತದೆ. ಆ ಕಾಯ್ದೆ ಮಾಡಿದ ಕೆಲಸ ದೊಡ್ಡದು. ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು ಲಕ್ಷಾಂತರ ಗೇಣಿದಾರರು ಒಡೆಯರಾದರು. ಅದನ್ನು ಹಗುರವಾಗಿ ಮಾತಾಡುವವರ ಜೊತೆ ನನಗೆ ಸಹಮತವಿಲ್ಲ. ಆದರೆ ಅರ್ಧ ಶತಮಾನದ ಕೆಳಗೆ ಒಡೆತನ ಕೊಟ್ಟ ಕಾನೂನು, ಇವತ್ತು ಬೇರೆಯವರ ಹೊಲ ಉಳುವ ಭೂಹೀನ ಯುವಕನ ಬಾಯಿ ಕಟ್ಟಿದೆ. ಬ್ಯಾಂಕಿನ ಮುಂದೆ ‘ನಾನು ಗುತ್ತಿಗೆದಾರ’ ಎಂದು ಅವನು ಹೇಳಿದರೆ ಜಮೀನು ಕೊಟ್ಟವನು ಕಾನೂನು ಮುರಿದಂತಾಗುತ್ತದೆ. ಮರುವರ್ಷ ಆ ಹೊಲ ಅವನಿಗೆ ಸಿಗುವುದಿಲ್ಲ.

2020ರಲ್ಲಿ ಇದೇ ಕಾಯ್ದೆಗೆ ಇನ್ನೊಂದು ತಿದ್ದುಪಡಿ ಬಂತು. ಕೃಷಿಕರಲ್ಲದವರು, ಹೆಚ್ಚು ಆದಾಯದವರು ಕೃಷಿ ಜಮೀನು ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದರು. ದುಡ್ಡಿದ್ದವರು ಎಲ್ಲಿಂದಲಾದರೂ ಬಂದು ಹೊಲ ಕೊಳ್ಳಬಹುದು. ದುಡ್ಡಿಲ್ಲದ ಹುಡುಗ ಪಕ್ಕದ ಮನೆಯವರ ಎರಡೆಕರೆಯನ್ನು ಕಾಗದ ಮಾಡಿಕೊಂಡು ಉಳುವಂತಿಲ್ಲ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಕೊಳ್ಳುವವರ ಅಡ್ಡಿ ತೆಗೆಯಲು ಸುಗ್ರೀವಾಜ್ಞೆ ಹೊರಡಿಸುವಷ್ಟು ಅವಸರವಿತ್ತು. ಉಳುವವರ ಹೆಸರು ಬರೆಯಲು ಯಾರಿಗೂ ಅವಸರವಿಲ್ಲ.

ಹಾಗಾದರೆ ಇವರು ಬೇಸಾಯ ಮಾಡುವುದು ಯಾರ ದುಡ್ಡಿನಲ್ಲಿ? ದಲಾಲಿ ಅಂಗಡಿಯ ದುಡ್ಡಿನಲ್ಲಿ. ಗೊಬ್ಬರ, ಔಷಧಿಯ ಅಂಗಡಿಯ ಉದ್ರಿಯಲ್ಲಿ. ಅಲ್ಲಿ ಪಹಣಿ ಕೇಳುವುದಿಲ್ಲ, ಅರ್ಜಿ ನಮೂನೆ ಇಲ್ಲ. ಊರು, ಮನೆತನ, ಜೊತೆಗೆ ಬಂದವರ ಮುಖ ನೋಡಿ ಪುಸ್ತಕದಲ್ಲಿ ಹೆಸರು ಬರೆದು ಬೀಜದ ಪಾಕೀಟು ಕೈಗಿಡುತ್ತಾರೆ. ಬೆಳಿಗ್ಗೆ ಹೋದವನಿಗೆ ಮಧ್ಯಾಹ್ನದೊಳಗೆ ಸಾಲ. ಈ ಚುರುಕಿಗೆ ನಾನು ಬೆಲೆ ಕೊಡುತ್ತೇನೆ. ಬ್ಯಾಂಕುಗಳು ಇದರಿಂದ ಕಲಿಯುವುದಿದೆ. ಆದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ 24. ಒಣ ಮೆಣಸಿನಕಾಯಿಗೆ ಎಕರೆಗೆ ಒಂದು ಲಕ್ಷ ರೂಪಾಯಿಗಿಂತ ಕಡಿಮೆ ಹಾಕಿ ಬೆಳೆ ತೆಗೆಯುವುದು ಈಗ ಕಷ್ಟ. ನಾಲ್ಕೆಕರೆ ಹಿಡಿದವನು 4 ಲಕ್ಷವನ್ನು ಒಂಬತ್ತು ತಿಂಗಳಿಗೆ ತಂದರೆ ಬಡ್ಡಿಯೇ 72,000 ರೂಪಾಯಿ. ಅವನ ಪಕ್ಕದ ಹೊಲದ ಮಾಲೀಕ ಅಷ್ಟೇ ಹಣವನ್ನು ಸೊಸೈಟಿಯಿಂದ ತಂದಿದ್ದರೆ ಅವನ ಬಡ್ಡಿ ಸೊನ್ನೆ. ಬದು ಒಂದೇ, ನೀರು ಒಂದೇ, ಬೆಳೆ ಒಂದೇ. ಜಮೀನಿಲ್ಲದವನು ಲೀಜಿನ ಹಣದ ಮೇಲೆ ಈ 72,000ವನ್ನೂ ಹೊರಬೇಕು.

ಬಡ್ಡಿಗಿಂತ ಹೆಚ್ಚು ಕಟ್ಟಿಹಾಕುವುದು ಇನ್ನೊಂದು ಷರತ್ತು: ಮಾಲು ಬಂದಾಗ ನಮ್ಮ ಅಂಗಡಿಗೇ ಹಾಕಬೇಕು. ದರ ಏರುವವರೆಗೆ ಕಾಯುವ ಹಕ್ಕನ್ನು ಸಾಲ ತಂದ ದಿನವೇ ಅವನು ಬಿಟ್ಟುಕೊಟ್ಟಿರುತ್ತಾನೆ. ಕೋಲ್ಡ್ ಸ್ಟೋರೇಜಿನಲ್ಲಿ ಚೀಲ ಇಟ್ಟು ನಾಲ್ಕು ತಿಂಗಳು ತಡೆಯುವವರು ಸ್ವಂತ ಬಂಡವಾಳ ಇದ್ದವರು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ರೈತರ ಸಿಟ್ಟು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚುವವರೆಗೆ ಹೋಯಿತು. ಬೆಂಕಿ ಹಚ್ಚಿದ್ದನ್ನು ಒಪ್ಪಲಾಗದು. ಆದರೆ ಆವತ್ತೇ ಮಾರಲೇಬೇಕಾದ, ನಾಳೆಗೆ ಕಾಯಲಾಗದ ಮಾಲಿನ ಜೊತೆ ನಿಂತವನ ಸ್ಥಿತಿ ಏನು ಎಂಬುದನ್ನು ಬಳ್ಳಾರಿಯ ಮೆಣಸಿನಕಾಯಿ ಬೆಳೆಗಾರರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು. ಪಹಣಿಯ ಅಡ್ಡಿ ಇವತ್ತೇ ಹೋಗಿ ಎಲ್ಲ ಯುವಕರಿಗೂ ಬೆಳೆಸಾಲ ಸಿಕ್ಕಿತೆಂದುಕೊಳ್ಳೋಣ. ಅಷ್ಟಕ್ಕೇ ಕೆಲಸ ಮುಗಿಯಿತೇ? ಇಲ್ಲ. ಬೆಳೆಸಾಲ ಎಂಬುದು ಹೊಲ ಮನೆ ಎತ್ತು ಬಾವಿ ಎಲ್ಲ ಇದ್ದವನಿಗೆ ಹಂಗಾಮಿನ ಖರ್ಚಿಗೆಂದು ಮಾಡಿದ ಸಾಲ. ಬಿತ್ತಿದಾಗ ತಂದು ಕೊಯ್ದಾಗ ಕಟ್ಟುವುದು ಅದರ ಗುಣ. ಹೊಸಬನಿಗೆ ಬೇಕಾಗಿರುವುದು ಕಾಲಾವಕಾಶ. ಮೊದಲ ವರ್ಷ ಅವನು ತಪ್ಪು ಮಾಡುತ್ತಾನೆ: ಯಾವ ಹೊಲಕ್ಕೆ ಎಷ್ಟು ನೀರು, ಯಾವ ಔಷಧಿ ಅಂಗಡಿಯವನ ಲಾಭಕ್ಕೆ, ಯಾವುದು ಬೆಳೆಗೆ ಎಂಬುದೆಲ್ಲ ತಿಳಿಯಲು ಎರಡು ಮೂರು ಹಂಗಾಮು ಬೇಕು. ಕುರುಗೋಡಿನ ಕಡೆ ಹೆಸರಾದ ಅಂಜೂರದ ತೋಟ ಹಾಕಿದರೆ ಕೈಗೆ ದುಡ್ಡು ಬರಲು ಇನ್ನೂ ಹೆಚ್ಚು ಕಾಯಬೇಕು. ಅಷ್ಟು ದಿನ ಅವನ ಮನೆ ಉಣ್ಣುವುದು ಏನನ್ನು? 2018–19ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಕರ್ನಾಟಕದ ಕೃಷಿ ಕುಟುಂಬದ ಸರಾಸರಿ ಸಾಲ 1.26 ಲಕ್ಷ ರೂಪಾಯಿ. ದೇಶದ ಸರಾಸರಿ 74 ಸಾವಿರದ ಆಸುಪಾಸು. ಇಂಥ ರಾಜ್ಯದಲ್ಲಿ ಒಕ್ಕಲುತನಕ್ಕೆ ಕಾಲಿಡುವ ಹುಡುಗನ ಕೈಗೆ ಮೊದಲ ದಿನವೇ ಇನ್ನೊಂದು ಸಾಲದ ಪುಸ್ತಕ ಕೊಡುವುದನ್ನು ನೆರವು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ನೀರಿನ ಭರವಸೆಯೂ ಮೊದಲಿನಂತಿಲ್ಲ. 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ಕೆಲವೇ ದಿನಗಳಲ್ಲಿ ತಾತ್ಕಾಲಿಕ ಗೇಟು ಕೂರಿಸಿದ ತಜ್ಞರ, ಕಾರ್ಮಿಕರ ಸಾಹಸವನ್ನು ಎಲ್ಲರೂ ಕೊಂಡಾಡಿದರು, ಅದು ನ್ಯಾಯವೇ. ಆದರೆ 33 ಗೇಟುಗಳನ್ನೂ ಬದಲಿಸಬೇಕೆಂಬ ಸತ್ಯ ಉಳಿಯಿತು, ಆ ಕೆಲಸಕ್ಕಾಗಿ 2025ರ ಕೊನೆಯಲ್ಲಿ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನವೂ ಬಂತು. ಗೇಟು ಬದಲಿಸಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಎರಡು ಬೆಳೆಯ ಲೆಕ್ಕ ಹಾಕಿ ವರ್ಷದ ಲೀಜು ಮುಂಗಡ ಕೊಟ್ಟವನಿಗೆ ಮಾತ್ರ ಇಂಥ ತೀರ್ಮಾನ ಅರ್ಧ ವರ್ಷದ ದುಡಿಮೆಯನ್ನು ಅಳಿಸುತ್ತದೆ. ಪರಿಹಾರ ಕೊಡಿ ಎಂಬ ಬೇಡಿಕೆ ಎದ್ದಾಗಲೂ ಅದು ಎಕರೆಯ ಲೆಕ್ಕದಲ್ಲಿ, ಪಹಣಿಯ ಹೆಸರಿಗೆ ಕೇಳಿದ್ದೇ ಆಗಿರುತ್ತದೆ.

ದುಡಿಮೆ ಶುರು ಮಾಡುವ ಯುವಜನರಿಗೆ ಕೆಲವು ಕಾಲ ಕೈ ಹಿಡಿಯಬೇಕು ಎಂಬ ವಿಚಾರ ನಮ್ಮ ಸರ್ಕಾರಕ್ಕೆ ಹೊಸದಲ್ಲ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಯಾದ ಯುವನಿಧಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ ಕೊಡುತ್ತದೆ. ಒಳ್ಳೆಯ ಯೋಜನೆ. ಆದರೆ ಸರ್ಕಾರಿ ಯೋಜನೆಯ ಸಾಲ ಪಡೆದು ಸ್ವಯಂ ಉದ್ಯೋಗ ಹಿಡಿದವರು ಅದಕ್ಕೆ ಅರ್ಹರಲ್ಲ. ಅಂದರೆ ಕೆಲಸಕ್ಕಾಗಿ ಕಾಯುತ್ತ ಕೂತರೆ ತಿಂಗಳ ಹಣ, ಸಾಲ ಮಾಡಿ ಹೊಲಕ್ಕೆ ಇಳಿದರೆ ಅದೂ ಇಲ್ಲ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ ರೈತರ ಮಕ್ಕಳ ಓದಿಗೆ ವರ್ಷಕ್ಕೆ 2,500ರಿಂದ 11,000 ರೂಪಾಯಿವರೆಗೆ ಕೊಡುವಂತೆ ರೂಪುಗೊಂಡದ್ದು. ಅದೂ ಬೇಕಾದದ್ದೇ. ಓದಿ ಹೊರಗೆ ಹೋಗುವ ಮಗುವಿಗೆ ಒಂದು ಯೋಜನೆ ಉಂಟು, ಓದಿ ಹೊಲಕ್ಕೆ ಮರಳುವ ಮಗುವಿಗೆ ಅಂಥದ್ದೊಂದಿಲ್ಲ. 2023ರ ಚುನಾವಣೆಯ ಹೊತ್ತಿಗೆ ಎಚ್.ಡಿ. ಕುಮಾರಸ್ವಾಮಿ ಅವರು ರೈತನ ಮಗನನ್ನು ಮದುವೆಯಾಗುವ ಹುಡುಗಿಗೆ 2 ಲಕ್ಷ ರೂಪಾಯಿ ಕೊಡುವ ಭರವಸೆ ಇತ್ತದ್ದು ನೆನಪಿರಬಹುದು. ಹೆಣ್ಣು ಸಿಗದ ಸಂಕಟ ನಿಜವಾದದ್ದು, ಆ ಮಾತು ಬಂದದ್ದೂ ಅದರಿಂದಲೇ. ಆದರೆ ಆ 2 ಲಕ್ಷವನ್ನು ಹುಡುಗ ಹುಡುಗಿ ಇಬ್ಬರೂ ನಂಬಿ ಬದುಕಬಹುದಾದ ಬೇಸಾಯಕ್ಕೆ ಹಾಕಿದರೆ ಮದುವೆಗೆ ಬೇರೆ ಪ್ರೋತ್ಸಾಹ ಬೇಕಾಗಲಾರದು.

ಬೇರೆ ದೇಶಗಳು ಈ ಸಮಸ್ಯೆಯನ್ನು ನಮಗಿಂತ ಮೊದಲು ಕಂಡಿವೆ. ಹೊಲದಲ್ಲಿ ಮುದುಕರೇ ಉಳಿದ ಜಪಾನು 2012ರಲ್ಲಿ 45 ದಾಟದ ಹೊಸ ಕೃಷಿಕರಿಗೆ ವರ್ಷಕ್ಕೆ 15 ಲಕ್ಷ ಯೆನ್ ಕೊಡಲು ಶುರು ಮಾಡಿತು: ತರಬೇತಿಯ ಕಾಲದಲ್ಲಿ ಎರಡು ವರ್ಷ, ಬೇಸಾಯಕ್ಕೆ ಇಳಿದ ಮೇಲೆ ಐದು ವರ್ಷದವರೆಗೆ. ಮುಂದೆ ವಯಸ್ಸಿನ ಮಿತಿಯನ್ನು ಸಡಿಲಿಸಿತು. ಅದು ಸಾಲವಲ್ಲ, ಹೊಸಬನ ಮನೆಯ ಒಲೆ ಉರಿಯಲೆಂದು ಕೊಟ್ಟ ಹಣ. ಐರೋಪ್ಯ ಒಕ್ಕೂಟದಲ್ಲೂ ನಲವತ್ತರ ಒಳಗಿನವರಿಗೆ ಆರಂಭದ ನೆರವು ಇದೆ. ಬೇಸಾಯದ ಯೋಜನೆ ಬರೆದುಕೊಡಬೇಕು, ತರಬೇತಿ ಪಡೆದಿರಬೇಕು. ಅಲ್ಲಿ ಎಲ್ಲವೂ ಸರಿ ಹೋಯಿತೆಂದಲ್ಲ. ನೆರವು ಇನ್ನಷ್ಟು ಗುರಿಯಿಟ್ಟು ತಲುಪಬೇಕೆಂದು ಆ ಒಕ್ಕೂಟದ ಲೆಕ್ಕಪರಿಶೋಧಕರೇ 2017ರಲ್ಲಿ ಹೇಳಿದರು. ಜಮೀನಿದ್ದ ಮನೆಯ ಮಕ್ಕಳಿಗೇ ಹಣ ಹೋಗಿ ಹೊಸಬರು ಹೊರಗುಳಿಯುವ ಅಪಾಯ ಎಲ್ಲ ಕಡೆ ಇದೆ.

ಅದಕ್ಕೇ ಮೊದಲ ಹೆಜ್ಜೆ ಸಾಗುವಳಿದಾರರ ಹೆಸರು ಬರೆಯುವುದಾಗಿರಬೇಕು ಎನ್ನುತ್ತೇನೆ. ಸಿರುಗುಪ್ಪದಾಚೆ ಗಡಿ ದಾಟಿದರೆ ಆಂಧ್ರದ ಕರ್ನೂಲು ಜಿಲ್ಲೆ. ಅಲ್ಲಿ 2019ರ ಕಾಯ್ದೆಯಡಿ ಗುತ್ತಿಗೆಗೆ ಉಳುವವರಿಗೆ ಹನ್ನೊಂದು ತಿಂಗಳ ಸಾಗುವಳಿ ಪತ್ರ ಕೊಡುತ್ತಾರೆ. ಅದು ಬೆಳೆಯ ಮೇಲಿನ ಹಕ್ಕಿಗೆ ಮಾತ್ರ, ಒಡೆತನಕ್ಕೆ ಧಕ್ಕೆಯಿಲ್ಲ. ಅದರ ದೋಷವೂ ಎದ್ದು ಕಾಣುತ್ತದೆ: ಮಾಲೀಕರು ಸಹಿ ಹಾಕಬೇಕು, ಹಾಕಲು ಹೆದರುತ್ತಾರೆ. ನಮ್ಮಲ್ಲಿ 1974ರ ನೆನಪು ಇನ್ನೂ ಗಟ್ಟಿಯಾಗಿರುವಾಗ ಆ ಹೆದರಿಕೆ ಇನ್ನೂ ಹೆಚ್ಚು. ಹೆದರಿಕೆಯನ್ನು ಬೈದು ಪ್ರಯೋಜನವಿಲ್ಲ, ಕಾನೂನಿನಿಂದಲೇ ಕಳೆಯಬೇಕು. ಎಷ್ಟು ವರ್ಷ ಉಳಿದರೂ ಲೀಜಿನಿಂದ ಒಡೆತನದ ಹಕ್ಕು ಹುಟ್ಟುವುದಿಲ್ಲ ಎಂದು ನಮ್ಮ ಭೂಸುಧಾರಣಾ ಕಾಯ್ದೆಯ ಐದನೇ ಕಲಂಗೆ ಸ್ಪಷ್ಟ ವಿನಾಯಿತಿ ಸೇರಿಸಿ, ಸಣ್ಣ ಹಿಡುವಳಿಗೆ, ನಲವತ್ತರೊಳಗಿನ ಸ್ಥಳೀಯ ಸಾಗುವಳಿದಾರರಿಗೆ ಮಾತ್ರ ಅದನ್ನು ತೆರೆದರೆ ಕಂಪನಿಗಳು ನೂರಾರು ಎಕರೆ ಗುತ್ತಿಗೆ ಹಿಡಿಯುವ ದಾರಿಯೂ ಮುಚ್ಚುತ್ತದೆ. ನೀತಿ ಆಯೋಗ 2016ರಲ್ಲೇ ಮಾದರಿ ಕಾಯ್ದೆ ಬರೆದುಕೊಟ್ಟಿತ್ತು. ಅದನ್ನು ಇಡಿಯಾಗಿ ಒಪ್ಪಬೇಕಿಲ್ಲ. ಗುರುತಿಸುವ ಯಂತ್ರವಂತೂ ಆಗಲೇ ಇದೆ. ಪ್ರತಿ ಹಂಗಾಮಿನಲ್ಲೂ ಬೆಳೆ ಸಮೀಕ್ಷೆಗೆಂದು ಊರಿನ ಹುಡುಗರೇ ಮೊಬೈಲು ಹಿಡಿದು ಸರ್ವೆ ನಂಬರಿನಿಂದ ಸರ್ವೆ ನಂಬರಿಗೆ ಹೋಗಿ ಫೋಟೊ ತೆಗೆಯುತ್ತಾರೆ. ಈ ಹೊಲ ಮಾಡುವವರು ಯಾರು ಎಂಬುದು ಅವರಿಗೆ ಕೇಳದೆಯೂ ಗೊತ್ತು.

ಹೆಸರು ಬರೆಯುವಾಗ ಹೆಣ್ಣುಮಕ್ಕಳನ್ನು ಮರೆತರೆ ಅರ್ಧ ಒಕ್ಕಲುತನವನ್ನೇ ಮರೆತಂತೆ. ಸಿರುಗುಪ್ಪದ ಗದ್ದೆಗಳಲ್ಲಿ ಸಸಿ ಹಚ್ಚುವವರು ಅವರು, ಕುರುಗೋಡಿನ ಕಡೆ ಮೆಣಸಿನಕಾಯಿ ಬಿಡಿಸುವವರೂ ಅವರು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕರ್ನಾಟಕ 1994ರಲ್ಲೇ ಕೊಟ್ಟಿತು, ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲು. ಅರಿಶಿನ ಕುಂಕುಮದ ಹೆಸರಿನಲ್ಲಿ ಅಷ್ಟಿಷ್ಟು ಕೊಟ್ಟು ಹಕ್ಕು ಬಿಡುಗಡೆಗೆ ಸಹಿ ಹಾಕಿಸಿಕೊಳ್ಳುವುದು ಇನ್ನೂ ನಿಂತಿಲ್ಲ. ಗಂಡನ ಮನೆಯಲ್ಲಿ ಪಹಣಿ ಮಾವನದು. ಭೂಹೀನ ದಲಿತ ಮಹಿಳೆಯರಿಗೆ ಅರ್ಧ ಸಹಾಯಧನ, ಅರ್ಧ ಸಾಲದಲ್ಲಿ ಜಮೀನು ಕೊಡಿಸುವ ಭೂ ಒಡೆತನ ಯೋಜನೆ ಮೆಚ್ಚುವಂಥದ್ದು. ಆದರೆ ಜಮೀನು ಕೈಗೆ ಬಂದ ಮೇಲೆ ಮೊದಲ ಬೆಳೆಯ ಖರ್ಚಿಗೆ ಅವರೂ ಅದೇ ಉದ್ರಿ ಪುಸ್ತಕದ ಮುಂದೆ ನಿಲ್ಲುತ್ತಾರೆ.

ನಷ್ಟದ ಕಸುಬಿಗೆ ಹುಡುಗರನ್ನು ಯಾಕೆ ಎಳೆಯುತ್ತೀರಿ, ಅವರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೋ ಬಳ್ಳಾರಿಯ ಜೀನ್ಸ್ ಘಟಕಗಳಿಗೋ ಹೋಗಲಿ ಎಂಬ ವಾದ ಇದೆ. ಪ್ರಾಮಾಣಿಕ ವಾದ, ತಳ್ಳಿಹಾಕುವಂಥದ್ದಲ್ಲ. ಹೋಗುವವರು ಹೋಗಲಿ. ಬ್ರೂಸ್‌ಪೇಟೆ, ಕೌಲ್‌ಬಜಾರುಗಳ ಓಣಿಗಳಲ್ಲಿ ಕೋಣೆ ಹಿಡಿದು ಕೆಲಸಕ್ಕೆ ಹೋಗುವ ಹಳ್ಳಿಯ ಹುಡುಗರ ಬದುಕೂ ಮರ್ಯಾದೆಯದೇ. ಆದರೆ ಮಾಡುವ ಮನಸ್ಸಿದ್ದು, ಕೈಯಲ್ಲಿ ಬಲವಿದ್ದು, ಶೇ 24ರ ಬಡ್ಡಿಗೆ ಸೋತು ಹೊರಟವನನ್ನು ‘ಬೇಸಾಯ ಬೇಡವೆಂದು ಬಿಟ್ಟವನು’ ಎಂದು ಲೆಕ್ಕಕ್ಕೆ ಬರೆಯಬಾರದು. ಕಸುಬು ನಷ್ಟದ್ದಾಗಿರುವುದು ಮಣ್ಣಿನಿಂದಷ್ಟೇ ಅಲ್ಲ. ದುಬಾರಿ ದುಡ್ಡಿಗೂ ಅದರಲ್ಲಿ ದೊಡ್ಡ ಪಾಲಿದೆ. ದುರುಪಯೋಗವಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಆಗುತ್ತದೆ, ಸ್ವಲ್ಪ. ಪಹಣಿ ಆಧಾರದ ನೆರವಿನಲ್ಲಿ, ಹೊಲಕ್ಕೆ ಕಾಲಿಡದ ಮಾಲೀಕರಿಗೆ ಹೋಗುವ ಹಣವನ್ನು ನಾವು ದುರುಪಯೋಗ ಎಂದು ಕರೆಯುವುದನ್ನೇ ಬಿಟ್ಟಿದ್ದೇವೆ.

ಖರ್ಚಿನ ಮಾತಿಗೆ ಒಂದು ಲೆಕ್ಕ ಹಾಕೋಣ. ವಿಜಯನಗರ ಬೇರೆಯಾದ ಮೇಲೆ ಬಳ್ಳಾರಿ ಜಿಲ್ಲೆಯಲ್ಲಿ ಐದು ತಾಲ್ಲೂಕು: ಬಳ್ಳಾರಿ, ಕುರುಗೋಡು, ಕಂಪ್ಲಿ, ಸಿರುಗುಪ್ಪ, ಸಂಡೂರು. ತಾಲ್ಲೂಕಿಗೆ 200ರಂತೆ 1,000 ಯುವ ಸಾಗುವಳಿದಾರರಿಗೆ, ಅರ್ಧದಷ್ಟು ಹೆಣ್ಣುಮಕ್ಕಳಿರುವಂತೆ, ತಿಂಗಳಿಗೆ 6,000 ರೂಪಾಯಿಯಂತೆ ಮೂರು ವರ್ಷ ಕೊಟ್ಟರೆ ವರ್ಷಕ್ಕೆ 7.2 ಕೋಟಿ. ಮೂರಕ್ಕೆ 21.6 ಕೋಟಿ. ಗಣಿ ಬಾಧಿತ ಪ್ರದೇಶದ ಜನರ ಒಳಿತಿಗೆಂದೇ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇರುವ ಜಿಲ್ಲೆ ಇದು. ಸಂಡೂರಿನ ಪಾಲು ಅದರಿಂದ ಬರಬಹುದು, ಉಳಿದ ನಾಲ್ಕು ತಾಲ್ಲೂಕಿನದು ರಾಜ್ಯ ಬಜೆಟ್ಟಿನಿಂದ. ಹಗರಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಹಣದ ಜೊತೆ ಕಲಿಕೆಯನ್ನೂ ಕಟ್ಟಬೇಕಾದರೆ ಜಾಗ ಹುಡುಕಬೇಕಿಲ್ಲ. ಮೂರು ವರ್ಷ ಲೆಕ್ಕ ಇಟ್ಟು ಬೇಸಾಯ ಮಾಡಿದವರಿಗೆ ನಾಲ್ಕನೇ ವರ್ಷದಿಂದ ಬಡ್ಡಿಯಿಲ್ಲದ ಬೆಳೆಸಾಲ ಕೊಡುವುದನ್ನು ಗ್ರಾಮೀಣ ಬ್ಯಾಂಕು ಮತ್ತು ಸಹಕಾರ ಸಂಘಗಳು ಒಪ್ಪಿಕೊಳ್ಳಲಿ, ಆ ಬಡ್ಡಿಯನ್ನು ಸರ್ಕಾರ ಈಗ ಭೂಮಾಲೀಕರಿಗೆ ಭರಿಸುವಂತೆಯೇ ಇವರಿಗೂ ಭರಿಸಲಿ.

ಕಾಯ್ದೆ ತಿದ್ದಲು ಅಧಿವೇಶನ ಬೇಕು, ಚರ್ಚೆ ಬೇಕು, ಸಮಯ ಹಿಡಿಯುತ್ತದೆ. ತಂದೆಯ ಹೊಲವನ್ನೇ ಉಳುತ್ತಿರುವ ಮಗ, ಮಗಳು, ಸೊಸೆಯ ಹೆಸರನ್ನು ಹನ್ನೆರಡನೇ ಕಾಲಂನಲ್ಲಿ ಬರೆಯಲು ಗೇಣಿಯ ನಿಷೇಧ ಅಡ್ಡ ಬರುವುದಿಲ್ಲ. ಅದನ್ನು ಮುಂದಿನ ಮುಂಗಾರಿನ ಬೆಳೆ ಸಮೀಕ್ಷೆಯಲ್ಲೇ ಶುರು ಮಾಡಬಹುದು. ಸಮೀಕ್ಷೆಯ ಆ್ಯಪ್‌ನಲ್ಲಿ ಒಂದು ಪ್ರಶ್ನೆ ಸೇರಿಸಿ, ಉತ್ತರವನ್ನು ಪಹಣಿಗೆ ತೆಗೆದುಕೊಂಡು, ಆ ಹೆಸರಿಗೆ ಫ್ರೂಟ್ಸ್ ಸಂಖ್ಯೆ ಕೊಡುವ ಆದೇಶಕ್ಕೆ ಕಂದಾಯ ಮತ್ತು ಕೃಷಿ ಇಲಾಖೆಗಳ ಸಹಿ ಸಾಕು.